ಮಕ್ರಾನ್ 1945: ತಡವಾಗಿ ಬಂದ ಅಲೆ

ಸುನಾಮಿ ಅಂದ ಕೂಡಲೇ ನಮಗೆ ನೆನಪಾಗುವುದು 2004, ಸುಮಾತ್ರಾ, ನಾಗಪಟ್ಟಣ. ಅರಬ್ಬೀ ಸಮುದ್ರದ ಕಡೆ ಅಂಥದ್ದೇನೂ ಆಗುವುದಿಲ್ಲ ಎಂದು ಎಷ್ಟೋ ಜನ ಆರಾಮಾಗಿದ್ದಾರೆ. ಆಗಿದೆ, 1945ರಲ್ಲೇ ಆಗಿದೆ.

ಮಕ್ರಾನ್ ಅಂದರೆ ಬಲೂಚಿಸ್ತಾನದಿಂದ ಇರಾನ್‌ವರೆಗೆ ಹಬ್ಬಿರುವ ಬರಡು ಕರಾವಳಿ. ಅಲ್ಲಿ ಅರೇಬಿಯಾದ ಭೂಫಲಕ ಯುರೇಷ್ಯಾದ ಅಡಿಗೆ ನುಗ್ಗುತ್ತಲೇ ಇದೆ. ಆ ವರ್ಷ ನವೆಂಬರ್ 28ರ ನಸುಕಿನಲ್ಲಿ, ನಮ್ಮ ಗಡಿಯಾರದ ಪ್ರಕಾರ ಸುಮಾರು 3.26ಕ್ಕೆ, ಪಸ್ನಿ ಊರಿನ ಹತ್ತಿರ ಸಮುದ್ರದಡಿ 8.1 ತೀವ್ರತೆಯ ಭೂಕಂಪವಾಯಿತು. ಪಸ್ನಿ, ಒರ್ಮಾರಾ ಹಾಳಾದವು, ಸಮುದ್ರದೊಳಗಿನ ಟೆಲಿಗ್ರಾಫ್ ಕೇಬಲ್‌ಗಳು ತುಂಡಾದವು, ಕರಾವಳಿಯಾಚೆ ಕೆಸರು ಉಕ್ಕಿ ಹೊಸ ದಿಬ್ಬಗಳು ಎದ್ದವು.

ವಿಚಿತ್ರ ಇರುವುದು ಮುಂದೆ. ಪಸ್ನಿಯಲ್ಲಿ ದೊಡ್ಡ ಅಲೆ ಬಂದಿದ್ದು ನೆಲ ನಡುಗಿ ಎರಡು ಮೂರು ಗಂಟೆ ಕಳೆದ ಮೇಲೆ. ಕರಾಚಿಯಲ್ಲಿ ಐದೂವರೆಗೇ ನೀರು ಏರಿಳಿಯಲು ಶುರುವಾಗಿತ್ತು, ಆದರೆ ಎಲ್ಲಕ್ಕಿಂತ ಎತ್ತರದ ಅಲೆ ಬಂದಿದ್ದು 8.15ರ ಹೊತ್ತಿಗೆ. ಪಸ್ನಿಯಿಂದ ಸುಮಾರು 1,200 ಕಿಲೋಮೀಟರ್ ದೂರದ ಮುಂಬೈಯಲ್ಲೂ ಆ ಬೆಳಗ್ಗೆ ಜನ ಕೊಚ್ಚಿಹೋದರು. ಯಾಕಿಷ್ಟು ತಡ? ಭೂಕಂಪದಿಂದ ಸಮುದ್ರದಡಿ ಇಳಿಜಾರು ಕುಸಿದು ಇನ್ನೊಂದು ಅಲೆ ಎದ್ದಿರಬೇಕು ಅನ್ನುವುದು ಒಂದು ವಾದ. ಅಲೆಗಳು ದಡದ ಹತ್ತಿರದ ಆಳವಿಲ್ಲದ ನೀರಿನಲ್ಲೇ ಸಿಕ್ಕಿಬಿದ್ದು, ಕರಾವಳಿಯುದ್ದಕ್ಕೂ ಓಡಾಡುತ್ತಾ ಬಲಿತವು ಅನ್ನುವುದು ಇನ್ನೊಂದು. ಕರಾಚಿ, ಮುಂಬೈ ಬಂದರುಗಳ ಅಲೆಮಾಪಕದ ಹಳೇ ದಾಖಲೆ ನೋಡಿದರೆ ನನಗೆ ಎರಡನೆಯದರಲ್ಲಿ ಹುರುಳು ಜಾಸ್ತಿ ಕಾಣುತ್ತದೆ, ಯಾಕಂದ್ರೆ ಅಲ್ಲಿ ನೀರಿನ ಹೊಯ್ದಾಟ ಗಂಟೆಗಟ್ಟಲೆ ನಿಂತೇ ಇಲ್ಲ.

ಸತ್ತವರು 4,000 ಎಂದು ಎಲ್ಲ ಕಡೆ ಬರೆಯುತ್ತಾರೆ. ಅದು ತಲೆ ಎಣಿಸಿ ಸಿಕ್ಕ ಲೆಕ್ಕವಲ್ಲ. ಕೆಲವು ನೂರು ಅಷ್ಟೇ ಅನ್ನುವವರೂ ಇದ್ದಾರೆ. ಎಣಿಸುವವರಾದರೂ ಯಾರು? ಇದ್ದಿದ್ದು ಚದುರಿದ ಮೀನುಗಾರರ ಹಳ್ಳಿಗಳು. ಪಸ್ನಿ ಕಲಾತ್ ಸಂಸ್ಥಾನದ್ದು, ಪಕ್ಕದ ಗ್ವಾದರ್ ಆಗ ಮಸ್ಕತ್ ಸುಲ್ತಾನರದ್ದು, 1958ರವರೆಗೂ ಅವರದ್ದೇ.

2004ರ ನಂತರ ಹಳೇ ಕಡತಗಳನ್ನು ಮತ್ತೆ ಕೆದಕಿದರು, ಬದುಕುಳಿದ ಮುದುಕರನ್ನು ಹುಡುಕಿ ಮಾತಾಡಿಸಿದರು. 2007ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಸುನಾಮಿ ಎಚ್ಚರಿಕೆ ಕೇಂದ್ರ ಸುಮಾತ್ರಾ–ಅಂಡಮಾನ್ ಜೊತೆ ಮಕ್ರಾನ್ ಮೇಲೂ ಕಣ್ಣಿಟ್ಟಿದೆ. ಅಲ್ಲಿ ಅಲುಗಿದರೆ ಕಾರವಾರ, ಮಂಗಳೂರಿನ ಕಡೆಗೂ ಸೂಚನೆ ಬರಬೇಕಾದ್ದು ಇಲ್ಲಿಂದಲೇ.

1945ರಲ್ಲಿ ಜಾರಿದ್ದು ಮಕ್ರಾನ್‌ನ ಪೂರ್ವ ಭಾಗ ಮಾತ್ರ. ಇರಾನ್ ಕಡೆಯ ಪಶ್ಚಿಮ ಭಾಗದಲ್ಲಿ ಅಷ್ಟು ದೊಡ್ಡದು ಈಚಿನ ಕಾಲದಲ್ಲಿ ಆಗಿಲ್ಲ. ಅಲ್ಲಿ ಫಲಕಗಳು ಸದ್ದಿಲ್ಲದೆ ಜಾರುತ್ತಿವೆಯೋ, ಬಿಗಿದುಕೊಂಡು ಕೂತಿವೆಯೋ ಎನ್ನುವುದರ ಮೇಲೆ ವಿಜ್ಞಾನಿಗಳ ಜಗಳ ಇನ್ನೂ ನಡೆದೇ ಇದೆ.