ಕೂಪನ್ ಕೈಯಲ್ಲಿದ್ದರೂ ರಿಯಾಯಿತಿ ಸಿಗದು, ಏಕೆ?

ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ ಶೆಲ್ಫಿನ ಚೀಟಿಯ ಮೇಲೆ 1.99 ಡಾಲರ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಬಿಲ್ಲಿನಲ್ಲಿ 3.99 ಬರುತ್ತದೆ. ತಿರುಗಿ ಹೋಗಿ ನೋಡಿದರೆ ಚೀಟಿಯ ಅಡಿಯಲ್ಲಿ ‘ಡಿಜಿಟಲ್ ಕೂಪನ್ ಇದ್ದವರಿಗೆ ಮಾತ್ರ, ಒಂದು ಬಿಲ್ಲಿಗೆ ಐದರವರೆಗೆ’ ಎಂಬ ಸಣ್ಣಕ್ಷರದ ಸಾಲು ಕಾಣುತ್ತದೆ. ಕಾಗದದ ಕೂಪನ್ ಕೊಟ್ಟವರ ಪಾಡೂ ಇದಕ್ಕಿಂತ ಸುಲಭವಲ್ಲ. ಯಂತ್ರ ಬೀಪ್ ಎನ್ನುತ್ತದೆ, ಕ್ಯಾಷಿಯರ್ ‘ನಮ್ಮ ಪಾಲಿಸಿ ಹಾಗಿದೆ’ ಎನ್ನುತ್ತಾರೆ, ಅದೇ ಕೂಪನ್ ಎದುರಿನ ಅಂಗಡಿಯಲ್ಲಿ ಚಕಾರವಿಲ್ಲದೆ ನಡೆಯುತ್ತದೆ. ಈ ಗೋಜಲು ಒಂದೇ ದಿನದಲ್ಲಿ ಆದದ್ದಲ್ಲ. ಒಂದೊಂದು ತೊಂದರೆಗೆ ಒಂದೊಂದು ನಿಯಮ ಸೇರಿಸುತ್ತ ಹೋಗಿ, ಆ ನಿಯಮಗಳನ್ನೆಲ್ಲ ತಿಳಿದಿರಬೇಕಾದ ಹೊಣೆ ಕೊನೆಗೆ ಕೊಳ್ಳುವವರ ತಲೆಗೆ ಬಂದು ನಿಂತಿದೆ.

ಭಾರತದಿಂದ ಹೋದವರಿಗೆ ಇದು ಹೆಚ್ಚು ವಿಚಿತ್ರವಾಗಿ ಕಾಣಲು ಕಾರಣ ಎಂಆರ್‌ಪಿ. ನಮ್ಮಲ್ಲಿ ಪೊಟ್ಟಣದ ಮೇಲೆಯೇ ಗರಿಷ್ಠ ಬೆಲೆ ಅಚ್ಚಾಗಿರುತ್ತದೆ. ಸೋಪಿನ ಕಂಪನಿಗೆ ಐದು ರೂಪಾಯಿ ಬಿಡಬೇಕೆನಿಸಿದರೆ ಅದನ್ನೂ ಪೊಟ್ಟಣದ ಮೇಲೆಯೇ ಅಚ್ಚು ಹಾಕುತ್ತದೆ, ಯಾರು ಕೊಂಡರೂ ಸಿಗುತ್ತದೆ. ಅಮೆರಿಕದಲ್ಲಿ ಚಿಲ್ಲರೆ ಬೆಲೆ ಇಡುವುದು ಅಂಗಡಿ. ಕಂಪನಿ ಸಗಟು ದರ ಇಳಿಸಿದರೂ ಅದು ಗಿರಾಕಿಯವರೆಗೆ ತಲುಪುತ್ತದೆ ಎಂಬ ಖಾತ್ರಿಯಿಲ್ಲ. ಅಂಗಡಿಯನ್ನು ದಾಟಿ ನೇರ ಗಿರಾಕಿಯ ಕೈಗೆ ಹಣ ಮುಟ್ಟಿಸುವ ದಾರಿಯಾಗಿ ಕೂಪನ್ ಬೆಳೆಯಿತು. ಕನ್ನಡದ ಮನೆಗಳ ಬೇಳೆ, ಅಕ್ಕಿ, ಹುಣಸೆಹಣ್ಣಿಗೆ ಇಂಡಿಯನ್ ಸ್ಟೋರ್‌ನಲ್ಲಿ ಇಂಥ ಕೂಪನ್ ಸಿಗುವುದು ಅಪರೂಪ. ಡಿಟರ್ಜೆಂಟ್, ಟೂತ್‌ಪೇಸ್ಟ್, ಡೈಪರ್, ಸೀರಿಯಲ್‌ಗಳಂಥ ದೊಡ್ಡ ಬ್ರಾಂಡಿನ ಸಾಮಾನಿಗೇ ಇವು ಹೆಚ್ಚು.

1880ರ ದಶಕದ ಕೊನೆಗೆ ಅಟ್ಲಾಂಟಾದಲ್ಲಿ ಕೋಕಾ-ಕೋಲಾ ಒಂದು ಲೋಟ ಪುಕ್ಕಟೆ ಎಂಬ ಚೀಟಿ ಹಂಚಿತು. ಮುಂದೆ ಸೀರಿಯಲ್ ಕಂಪನಿಗಳು ಒಂದು ಸೆಂಟ್ ಬಿಟ್ಟವು, 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೂಪನ್ ಕತ್ತರಿಸುವುದು ಮನೆಮನೆಯ ಕೆಲಸವಾಯಿತು, 1970ರ ದಶಕದಿಂದ ಭಾನುವಾರದ ಪತ್ರಿಕೆಯೊಳಗೆ ಕೂಪನ್‌ನದೇ ಬಣ್ಣದ ಪುರವಣಿ ಬರತೊಡಗಿತು. ಅಲ್ಲಿಯವರೆಗಿನ ಕಥೆ ಸರಳ. ಸಾಮಾನು ಮತ್ತು ಕೂಪನ್ ಎರಡೂ ಕೈಯಲ್ಲಿದ್ದರೆ ಸಾಕಾಗಿತ್ತು.

ಅಂಗಡಿಯವರು ಈಗ ಇಷ್ಟು ಬಿಗಿಯಾಗಿರುವುದೇಕೆ ಎಂದು ಅರ್ಥವಾಗಬೇಕಾದರೆ ಆ ಚೀಟಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಕಂಪನಿ ಕೂಪನ್‌ನ ಒಂದು ಡಾಲರನ್ನು ಅಂಗಡಿ ಮೊದಲು ತನ್ನ ಗಲ್ಲಾದಿಂದ ಬಿಡುತ್ತದೆ. ಸೇರಿದ ಚೀಟಿಗಳನ್ನೆಲ್ಲ ಕ್ಲಿಯರಿಂಗ್ ಹೌಸ್‌ಗೆ ಕಳಿಸುತ್ತದೆ. ಅಲ್ಲಿ ಕಂಪನಿವಾರು ವಿಂಗಡಿಸಿ, ಎಣಿಸಿ, ಕಂಪನಿಗೆ ಲೆಕ್ಕ ಹಾಕುತ್ತಾರೆ. ವಾರಗಳ ನಂತರ ಅಂಗಡಿಗೆ ಮುಖಬೆಲೆಯೂ ಚೀಟಿಯೊಂದಕ್ಕೆ 8 ಸೆಂಟ್ ನಿರ್ವಹಣಾ ಶುಲ್ಕವೂ ಬರುತ್ತವೆ. ಆದರೆ ಅವಧಿ ಮುಗಿದದ್ದು, ಜೆರಾಕ್ಸ್ ಮಾಡಿದ್ದು, ಅಂಗಡಿ ಮಾರಿದ ಸಾಮಾನಿಗಿಂತ ಹೆಚ್ಚಿನ ಸಂಖ್ಯೆಯದು, ಒಂದೇ ಅಳತೆಯಲ್ಲಿ ಕಟ್ಟುಕಟ್ಟಾಗಿ ಕತ್ತರಿಸಿದಂತೆ ಕಾಣುವ, ಮಡಿಕೆ ಬೀಳದ ಚೀಟಿಗಳು, ಇವಕ್ಕೆಲ್ಲ ಕಂಪನಿ ಹಣ ತಡೆಹಿಡಿಯಬಹುದು. ಆ ನಷ್ಟ ಅಂಗಡಿಯದು. ‘ಒಂದೇ ಬಗೆಯ ಕೂಪನ್ ನಾಲ್ಕಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ’ ಎಂಬ ಮಾತಿನ ಹಿಂದೆ ಕ್ಯಾಷಿಯರ್‌ನ ಹಟಕ್ಕಿಂತ ಈ ಭಯವೇ ದೊಡ್ಡದು.

ಕೂಪನ್‌ಗಳನ್ನೇ ಕೈಬಿಟ್ಟರೆ ಹೇಗೆ ಎಂದು ಒಮ್ಮೆ ನಿಜವಾಗಿಯೂ ಪ್ರಯೋಗ ನಡೆಯಿತು. 1996ರ ಜನವರಿಯಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್, ಬಫಲೋ, ಸಿರಕ್ಯೂಸ್ ಪ್ರದೇಶದಲ್ಲಿ ಕೂಪನ್ ನಿಲ್ಲಿಸಿ ಬೆಲೆಯನ್ನೇ ಇಳಿಸುವುದಾಗಿ ಹೇಳಿತು. ವಾದದಲ್ಲಿ ಹುರುಳಿತ್ತು. ಅಚ್ಚಾದ ನೂರು ಕೂಪನ್‌ಗಳಲ್ಲಿ ಎರಡೋ ಮೂರೋ ಮಾತ್ರ ಅಂಗಡಿಗೆ ಮರಳುತ್ತಿದ್ದವು. ಉಳಿದ ಕಾಗದ, ಅಚ್ಚು, ಸಾಗಣೆಯ ಖರ್ಚೆಲ್ಲ ಸಾಮಾನಿನ ಬೆಲೆಯಲ್ಲೇ ಸೇರಿತ್ತು. ಆದರೆ ಜನ ಒಪ್ಪಲಿಲ್ಲ. ಸಹಿ ಸಂಗ್ರಹ ನಡೆಯಿತು, ಬಹಿಷ್ಕಾರದ ಕರೆ ಬಂತು. ಇಳಿದ ಬೆಲೆ ಇಳಿದೇ ಇರುತ್ತದೆಂಬ ನಂಬಿಕೆ ಅವರಿಗಿರಲಿಲ್ಲ, ಕೂಪನ್ ಮಾತ್ರ ಕಣ್ಣಿಗೆ ಕಾಣುವ ಹಣವಾಗಿತ್ತು. 18 ತಿಂಗಳೆಂದು ಹಾಕಿಕೊಂಡ ಪ್ರಯೋಗ 1997ರ ಏಪ್ರಿಲ್‌ನಲ್ಲೇ ನಿಂತಿತು. ಈ ಕಂಪನಿಯೂ ಬೇರೆ ತಯಾರಕರೂ ಒಳಗೊಳಗೇ ಮಾತಾಡಿಕೊಂಡು ಕೂಪನ್ ನಿಲ್ಲಿಸಿದರೇ ಎಂದು ರಾಜ್ಯದ ಅಟಾರ್ನಿ ಜನರಲ್ ತನಿಖೆಗಿಳಿದರು. ಕೊನೆಗೆ ಹಲವು ತಯಾರಕರೂ ಒಂದು ಪ್ರಾದೇಶಿಕ ಅಂಗಡಿ ಸರಣಿಯೂ ಸೇರಿ 42 ಲಕ್ಷ ಡಾಲರ್ ಮೌಲ್ಯದ ಕೂಪನ್‌ಗಳನ್ನು ಜನರಿಗೆ ಕೊಡುವ ರಾಜಿಯಾಯಿತು. ಕೂಪನ್ ನಿಲ್ಲಿಸಿದ್ದಕ್ಕೆ ಪರಿಹಾರವೂ ಕೂಪನ್ ರೂಪದಲ್ಲೇ ಬಂತು. ಅಲ್ಲಿಂದ ಮುಂದೆ ಇದನ್ನು ತೆಗೆದುಹಾಕುವ ಮಾತು ಹಿಂದೆ ಸರಿಯಿತು, ಕಡಿವಾಣ ಹಾಕುವ ಮಾತು ಮುಂದೆ ಬಂತು.

ಮೊದಲ ಕಡಿವಾಣ ಬಾರ್‌ಕೋಡ್. ಹಳೆಯ ಕೂಪನ್‌ನ 12 ಅಂಕಿಗಳಲ್ಲಿ ಮೊದಲನೆಯದು 5 ಅಥವಾ 9. ಐದಿದ್ದರೆ ‘ಡಬಲ್’ ಮಾಡುವ ಅಂಗಡಿಯ ಯಂತ್ರ ಅದನ್ನು ತಾನಾಗಿ ಡಬಲ್ ಮಾಡುತ್ತಿತ್ತು, ಒಂಬತ್ತಿದ್ದರೆ ಇಲ್ಲ. (ಡಬಲ್ ಎಂದರೆ 50 ಸೆಂಟಿನ ಕೂಪನ್‌ಗೆ ಅಂಗಡಿ ತನ್ನ ಕೈಯಿಂದ ಇನ್ನೊಂದು 50 ಸೆಂಟ್ ಸೇರಿಸುವುದು.) ಮುಂದಿನ ಐದು ಅಂಕಿ ಕಂಪನಿಯದು, ನಂತರದ ಮೂರು ಸಾಮಾನಿನ ‘ಕುಟುಂಬ’ದ್ದು, ಅಂದರೆ ಆ ಕಂಪನಿಯ ಒಂದು ಗುಂಪಿನ ಸಾಮಾನುಗಳದ್ದು, ಆಮೇಲಿನ ಎರಡು ರಿಯಾಯಿತಿಯ ಮೊತ್ತದ್ದು. ದೋಷವಿದ್ದದ್ದು ಆ ಮೂರು ಅಂಕಿಯ ಕುಟುಂಬದಲ್ಲಿ. ಅಷ್ಟರಲ್ಲಿ ಗಾತ್ರ, ಬಗೆ, ಎಷ್ಟು ಕೊಳ್ಳಬೇಕು ಎಂಬುದೆಲ್ಲ ಹಿಡಿಸುತ್ತಿರಲಿಲ್ಲ. ದೊಡ್ಡ ಬಾಟಲಿಗೆಂದು ಅಚ್ಚಾದ ಕೂಪನ್ ಅದೇ ಕುಟುಂಬದ ಪುಟ್ಟ ಬಾಟಲಿಗೂ ಬೀಪ್ ಇಲ್ಲದೆ ನಡೆಯುತ್ತಿತ್ತು. ಅಂಕಿಗಳನ್ನು ಓದಲು ಕಲಿತವರು ಇದನ್ನು ಬೇಕೆಂದೇ ಬಳಸಿದರು. 2008ರಿಂದ ಡೇಟಾಬಾರ್ ಎಂಬ ಹೊಸ ಬಾರ್‌ಕೋಡ್ ಹಳೆಯದರ ಪಕ್ಕದಲ್ಲೇ ಅಚ್ಚಾಗತೊಡಗಿತು, 2011ರಲ್ಲಿ ಹಳೆಯದನ್ನು ಕೈಬಿಡಲಾಯಿತು. 8110 ಎಂದು ಶುರುವಾಗುವ ಇದರಲ್ಲಿ ಎಷ್ಟು ಸಾಮಾನು ಕೊಳ್ಳಬೇಕು, ಯಾವ ದಿನಕ್ಕೆ ಅವಧಿ ಮುಗಿಯುತ್ತದೆ ಎಂಬುದೂ ಅಡಗಿರುತ್ತದೆ.

ಅದೇ ಹೊತ್ತಿಗೆ 2008ರ ಆರ್ಥಿಕ ಹಿಂಜರಿತ. ಕೆಲಸ ಕಳೆದುಕೊಂಡ ಮನೆಗಳು ಮತ್ತೆ ಕತ್ತರಿ ಹಿಡಿದವು. ಗಾಡಿಗಟ್ಟಲೆ ಸಾಮಾನನ್ನು ಚಿಲ್ಲರೆ ಕಾಸಿಗೆ ಹೊರತೆಗೆಯುವವರ ಟಿವಿ ಕಾರ್ಯಕ್ರಮ 2011ರಲ್ಲಿ ಮನೆಮಾತಾಯಿತು. ಅದನ್ನು ನೋಡಿದವರು ಶೆಲ್ಫು ಖಾಲಿ ಮಾಡತೊಡಗಿದರು, ಅಂಗಡಿಗಳು ಒಂದರ ಹಿಂದೆ ಒಂದು ಲಿಖಿತ ಕೂಪನ್ ಪಾಲಿಸಿ ತಂದವು. ಕ್ರೋಗರ್ ಎಂಬ ಸೂಪರ್‌ಮಾರ್ಕೆಟ್ ಸರಣಿ ಆ ವರ್ಷ ಹ್ಯೂಸ್ಟನ್‌ನಲ್ಲಿ ಡಬಲ್ ಮಾಡುವುದನ್ನು ನಿಲ್ಲಿಸಿತು. ಹತ್ತಿಪ್ಪತ್ತು ಸೀರಿಯಲ್ ಡಬ್ಬಿ ಗುಡ್ಡೆ ಹಾಕಿದವರ ಕಾಟಕ್ಕೆ ತಂದ ಮಿತಿ ಎರಡು ಡಬ್ಬಿ ಕೊಳ್ಳುವವರಿಗೂ ಅಂಟಿಕೊಂಡಿತು.

ಸಣ್ಣಕ್ಷರ ಓದುವ ಬಗೆ

ಜಗಳ ಹೆಚ್ಚು ಆಗುವುದು ಕೂಪನ್‌ನ ಮೇಲೆ ಅಚ್ಚಾದ ಮಿತಿಯ ಸಾಲಿನ ಬಗ್ಗೆ. ‘ಪರ್ಚೇಸ್‌ಗೆ ಒಂದು’ ಎಂದಿದ್ದರೆ ಸಾಮಾನಿಗೊಂದು ಎಂದರ್ಥ. ಐದು ಸೋಪಿಗೆ ಐದು ಕೂಪನ್ ಕೊಡಬಹುದು. ‘ಟ್ರಾನ್ಸಾಕ್ಷನ್‌ಗೆ ಒಂದು’ ಎಂದಿದ್ದರೆ ಬಿಲ್ಲಿಗೊಂದು. ಬಿಲ್ ಬೇರೆ ಬೇರೆ ಮಾಡಿಸಲು ಅಂಗಡಿ ಒಪ್ಪಿದರೆ ಮಾತ್ರ ಎರಡನೆಯದು ನಡೆಯುತ್ತದೆ. ‘ಶಾಪಿಂಗ್ ಟ್ರಿಪ್‌ಗೆ’ ಎಂದಿದ್ದರೆ ಬಿಲ್ ಒಡೆದರೂ ಪ್ರಯೋಜನವಿಲ್ಲ. ಕ್ಯಾಷಿಯರ್‌ಗಳು ಮೊದಲನೆಯದನ್ನು ಎರಡನೆಯದೆಂದು ಓದಿ ಹಿಂದಿರುಗಿಸುವುದು ಬಹಳ ಕಡೆ ಆಗುತ್ತದೆ. ಪಾಲಿಸಿ ಅಂಗಡಿಯ ವೆಬ್‌ಸೈಟಿನಲ್ಲಿರುತ್ತದೆ, ಫೋನಿನಲ್ಲಿ ತೆರೆದಿಟ್ಟುಕೊಂಡು ಮ್ಯಾನೇಜರ್‌ಗೆ ತೋರಿಸಿದರೆ ದನಿ ಏರಿಸದೆ ಮುಗಿಯುತ್ತದೆ.

ಇನ್ನೊಂದು, ಕಂಪನಿ ಕೂಪನ್ ಮತ್ತು ಅಂಗಡಿ ಕೂಪನ್ ಬೇರೆ ಬೇರೆ. ಒಂದು ಸಾಮಾನಿಗೆ ಕಂಪನಿಯದು ಒಂದೇ. ಅದರ ಮೇಲೆ ಅಂಗಡಿಯದೊಂದನ್ನು ಸೇರಿಸಲು ಟಾರ್ಗೆಟ್‌ನಂಥ ಸರಣಿಗಳು ಬಿಡುತ್ತವೆ. 4.49 ಡಾಲರ್‌ನ ಟೂತ್‌ಪೇಸ್ಟಿಗೆ ಕಂಪನಿಯ 2 ಡಾಲರ್, ಅಂಗಡಿಯ 1 ಡಾಲರ್ ಹೋದರೆ 1.49 ಉಳಿಯಿತು. ಆದರೆ ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಸೇಲ್ಸ್ ಟ್ಯಾಕ್ಸ್ ಬೀಳುವುದು 3.49ರ ಮೇಲೆ. ಅಂಗಡಿ ಬಿಟ್ಟದ್ದು ನಿಜವಾದ ಬೆಲೆ ಇಳಿಕೆ, ಕಂಪನಿಯ 2 ಡಾಲರ್ ಮಾತ್ರ ಅಂಗಡಿಗೆ ಮರಳಿ ಬರುವ ಹಣ ಎಂಬುದು ಇದರ ತರ್ಕ. ಬಿಲ್ಲಿನ ತೆರಿಗೆ ತಪ್ಪಾಗಿದೆ ಎಂದು ವಾದಿಸುವ ಮೊದಲು ಇದು ಗೊತ್ತಿರಲಿ.

‘25 ಡಾಲರ್ ಮೇಲೆ 5 ಡಾಲರ್ ಕಡಿತ’ದ ಚೀಟಿಯಿದ್ದರೆ ಅದನ್ನೇ ಮೊದಲು ಕೊಡಬೇಕು. ಬಿಡಿ ಕೂಪನ್‌ಗಳು ಮೊದಲು ಹೋಗಿ ಮೊತ್ತ 25ರ ಕೆಳಗಿಳಿದರೆ ಕೆಲವು ಯಂತ್ರಗಳು ಅದನ್ನು ಒಪ್ಪುವುದಿಲ್ಲ. ಸೇಲ್‌ನ ಸಾಮಾನು ಮುಗಿದಿದ್ದರೆ ರೇನ್‌ಚೆಕ್, ಅಂದರೆ ಮುಂದೆ ಸಾಮಾನು ಬಂದಾಗ ಅದೇ ಬೆಲೆಗೆ ಕೊಡುವ ಚೀಟಿ, ಕೇಳಬಹುದು. ಅದು ಸೇಲ್ ಬೆಲೆಯನ್ನು ಉಳಿಸಿಕೊಡುತ್ತದೆ, ಕೂಪನ್‌ನ ಅವಧಿಯನ್ನು ಹಿಗ್ಗಿಸುವುದಿಲ್ಲ.

ಕಾಗದದಿಂದ ಫೋನಿಗೆ

ನಕಲಿ ಕೂಪನ್ ಹಾವಳಿ ಈ ನಡುವೆ ಬೆಳೆಯಿತು. 2012ರಲ್ಲಿ ಫೀನಿಕ್ಸ್‌ನಲ್ಲಿ ಪೊಲೀಸರು ಸುಮಾರು 4 ಕೋಟಿ ಡಾಲರ್ ಮುಖಬೆಲೆಯ ನಕಲಿಗಳನ್ನು ಹಿಡಿದರು. 2021ರಲ್ಲಿ ವರ್ಜೀನಿಯಾದ ಒಬ್ಬ ಮಹಿಳೆಗೆ 3 ಕೋಟಿ ಡಾಲರ್ ಮೀರಿದ ಇಂಥದೇ ವಂಚನೆಗೆ 12 ವರ್ಷ ಜೈಲಾಯಿತು. ಮನೆಯ ಕಂಪ್ಯೂಟರಿನಲ್ಲೇ ಸರಿಯಾದ ಬಾರ್‌ಕೋಡ್ ಕಟ್ಟಬಹುದೆಂದಾದ ಮೇಲೆ ಕಾಗದದ ಮೇಲಿನ ನಂಬಿಕೆ ಉಳಿಯಲಿಲ್ಲ. ಇತ್ತ ಭಾನುವಾರದ ಪತ್ರಿಕೆ ತರಿಸುವವರೂ ಕಡಿಮೆಯಾಗಿದ್ದರು. ಕೂಪನ್ ಆ್ಯಪ್‌ಗೆ ಹೋಯಿತು. ಈಗ ಬರುತ್ತಿರುವ 8112 ಎಂಬ ಮಾದರಿಯಲ್ಲಿ ಪ್ರತಿ ಕೂಪನ್‌ಗೂ ಅದರದೇ ಸಂಖ್ಯೆ. ಒಮ್ಮೆ ಎಲ್ಲಾದರೂ ಬಳಸಿದರೆ ಕೇಂದ್ರದ ದಾಖಲೆಯಲ್ಲಿ ಅದು ಮುಗಿದಂತೆ.

ಆ್ಯಪ್‌ನಲ್ಲಿ ಕೂಪನ್‌ನ ಮೇಲೆ ಒತ್ತಿದರೆ ಅದು ಆ ಅಂಗಡಿಯಲ್ಲಿ ನಮ್ಮ ಹೆಸರಿನಲ್ಲಿರುವ ಲಾಯಲ್ಟಿ (ಸದಸ್ಯತ್ವದ) ಖಾತೆಗೆ ಸೇರುತ್ತದೆ, ಬಿಲ್ ಮಾಡುವಾಗ ಫೋನ್ ನಂಬರ್ ಒತ್ತಿದರೆ ತಾನಾಗಿ ಕಡಿತವಾಗುತ್ತದೆ. ಕೆಡುವುದು ಸಣ್ಣ ಸಣ್ಣ ಕಡೆ. ಶೆಲ್ಫಿನ ಬೆಲೆ ನೋಡಿದ ಮಾತ್ರಕ್ಕೆ ಆಗದು, ಪ್ರತಿಯೊಂದನ್ನೂ ಮೊದಲೇ ಒತ್ತಿರಬೇಕು. ‘ಐದರವರೆಗೆ’ ಎಂಬುದು ಹೆಚ್ಚಾಗಿ ಒಂದೇ ಬಿಲ್ಲಿಗೆ. ಇಂದು ಎರಡು ಕೊಂಡರೆ ಉಳಿದ ಮೂರಕ್ಕೆ ನಾಳೆ ಸಿಗುವುದಿಲ್ಲ. ಡಿಜಿಟಲ್ ಕೂಪನ್ ಕೂಡ ಬಹುಪಾಲು ಕಂಪನಿ ಕೂಪನ್ನೇ. ಹಾಗಾಗಿ ಆ್ಯಪ್‌ನಲ್ಲಿ 50 ಸೆಂಟಿನದನ್ನು ಒತ್ತಿಟ್ಟು ಕೈಯಲ್ಲಿ 2 ಡಾಲರ್‌ನ ಕಾಗದ ಹಿಡಿದು ಹೋದರೆ, ಎರಡೂ ಒಂದೇ ಸಾಮಾನಿಗೆ ಸಲ್ಲದೆ ಯಂತ್ರ 50 ಸೆಂಟನ್ನೇ ಹಿಡಿದುಕೊಂಡು 2 ಡಾಲರನ್ನು ತಳ್ಳಿಬಿಡಬಹುದು. ಕಾಗದದ ಕೂಪನ್ ಇರುವ ಸಾಮಾನಿನ ಡಿಜಿಟಲ್ ಕೂಪನನ್ನು ಒತ್ತದೆ ಬಿಡುವುದೇ ಒಳ್ಳೆಯದು.

ಇದಕ್ಕಿಂತ ದೊಡ್ಡ ಪ್ರಶ್ನೆ ಆ್ಯಪ್ ಇಲ್ಲದವರದು. ಒಂದೇ ಸಾಲಿನಲ್ಲಿ ನಿಂತ ಇಬ್ಬರು ಒಂದೇ ಪೊಟ್ಟಣಕ್ಕೆ ಬೇರೆ ಬೇರೆ ಬೆಲೆ ಕೊಡುತ್ತಾರೆ, ಹೆಚ್ಚು ಕೊಡುವವರು ಅನೇಕ ವೇಳೆ ವಯಸ್ಸಾದವರು, ಇಂಗ್ಲಿಷ್ ಆ್ಯಪ್ ಬಳಸಲು ಬಾರದವರು. ಅಮೆರಿಕದ ಮಕ್ಕಳ ಮನೆಗೆ ಹೋಗಿ ನಿಂತ ನಮ್ಮೂರಿನ ತಂದೆತಾಯಿಯರೂ ಇದರಲ್ಲಿ ಸೇರುತ್ತಾರೆ. ಕಡಿಮೆ ಬೆಲೆ ಯಾರಿಗೆ ಹೆಚ್ಚು ಬೇಕೋ ಅವರ ಕೈಗೇ ಎಟುಕದಂತೆ ಆಗಿರುವುದು ಸರಿಯಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ನಗರಸಭೆ 2025ರಲ್ಲಿ ಇದಕ್ಕೊಂದು ಕಾಯಿದೆ ಮಾಡಿ, ಡಿಜಿಟಲ್ ಕೂಪನ್‌ನ ಬೆಲೆ ಸಾರುವ ದಿನಸಿ ಅಂಗಡಿಗಳು ಕೇಳಿದವರಿಗೆ ಅದೇ ರಿಯಾಯಿತಿಯನ್ನು ಕಾಗದದಲ್ಲೂ ಕೊಡಬೇಕು ಎಂದಿತು. ಅಮೆರಿಕದ ಈಶಾನ್ಯ ರಾಜ್ಯಗಳ ಸ್ಟಾಪ್ ಅಂಡ್ ಶಾಪ್ ಸರಣಿ ತನ್ನ ಅಂಗಡಿಗಳೊಳಗೆ ಕಿಯಾಸ್ಕ್ (ಪರದೆಯುಳ್ಳ ಯಂತ್ರ) ಇಟ್ಟಿದೆ. ಲಾಯಲ್ಟಿ ಕಾರ್ಡ್ ಅಥವಾ ಫೋನ್ ನಂಬರ್ ಕೊಟ್ಟರೆ ಅಲ್ಲಿಯೇ ಕೂಪನ್‌ಗಳು ಖಾತೆಗೆ ಸೇರುತ್ತವೆ, ಸ್ಮಾರ್ಟ್‌ಫೋನ್ ಬೇಕಿಲ್ಲ.

ಇವೆರಡೂ ಇಲ್ಲದ ಊರಿನಲ್ಲಿ ಕಸ್ಟಮರ್ ಸರ್ವಿಸ್ ಡೆಸ್ಕೇ ಗತಿ. ಹಲವು ಅಂಗಡಿಗಳಲ್ಲಿ ಅಲ್ಲಿನ ಸಿಬ್ಬಂದಿ ಕೈಯಾರೆ ಡಿಜಿಟಲ್ ಬೆಲೆ ಹಾಕಿಕೊಡುತ್ತಾರೆ, ಆದರೆ ಕೇಳಿದವರಿಗೆ ಮಾತ್ರ. ಬಾಗಿಲು ದಾಟುವ ಮೊದಲೇ ಬಿಲ್ಲಿನ ಕಡಿತದ ಸಾಲುಗಳನ್ನು ಒಂದೊಂದಾಗಿ ನೋಡಿ, ತಪ್ಪಿದ್ದರೆ ಶೆಲ್ಫಿನ ಚೀಟಿಯ ಫೋಟೋ ಸಮೇತ ಆಗಲೇ ಹೋಗಬೇಕು. ಆ ವಾರದ ಸೇಲ್ ಮುಗಿದು ಚೀಟಿ ಬದಲಾದ ಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ.