ಸೋರಿಯಾಸಿಸ್: ತಪ್ಪು ಚರ್ಮದ್ದೋ, ಒಳಗಿನದ್ದೋ?

ಮೊಣಕೈ ಮೇಲೆ ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಗೆ ಹೊಳೆಯುವ ಹೊಟ್ಟು. ತೀರ್ಥಹಳ್ಳಿ, ಹೊಸನಗರದ ಕಡೆ ಇದಕ್ಕೆ ಸಲಹೆಗಳ ಕೊರತೆಯಿಲ್ಲ. ರಕ್ತ ಕೆಟ್ಟಿದೆ ಎನ್ನುವವರು, ಬದನೆಕಾಯಿ ನಂಜು ಎನ್ನುವವರು, ಅಂಟುತ್ತದೆ ಎಂದು ಸುಮ್ನೆ ದೂರ ಸರಿಯುವವರು. ಸೋರಿಯಾಸಿಸ್ ಅಂಟುವುದಿಲ್ಲ. ಆದರೆ ಇದು ಚರ್ಮದ ಕಾಯಿಲೆಯೋ, ಒಳಗಿನದ್ದೋ ಎಂಬ ವಾದ ವೈದ್ಯರ ನಡುವೆಯೂ ಬಹಳ ಕಾಲ ನಡೆಯಿತು.

ಹಳೆಯ ಕಥೆ ಚಿಕ್ಕದು. ಶತಮಾನಗಳ ಕಾಲ ಇದನ್ನು ಕುಷ್ಠದ ಜೊತೆ ಸೇರಿಸುತ್ತಿದ್ದರು. 1841ರಲ್ಲಿ ವಿಯೆನ್ನಾದ ವೈದ್ಯ ಫರ್ಡಿನಾಂಡ್ ಹೆಬ್ರಾ ಎರಡನ್ನೂ ಬೇರೆ ಮಾಡಿದರು. ಆಮೇಲೆ ನೂರು ವರ್ಷ ಕಲ್ಲಿದ್ದಲ ಡಾಂಬರು, ಮುಲಾಮು, ಬಿಸಿಲು.

ಚರ್ಮದ ಕೋಶಗಳನ್ನು ಹತ್ತಿರದಿಂದ ನೋಡಿದ ಮೇಲೆ ವಿಷಯ ಕುತೂಹಲದ್ದಾಯಿತು. ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಮಚ್ಚೆಯಲ್ಲಿ ನಾಲ್ಕೈದು ದಿನ ಸಾಕು. ಬಲಿಯುವ ಮೊದಲೇ ಅಡಿಕೆ ಕೊನೆ ಇಳಿಸಿದ ಹಾಗೆ. ಬಲಿಯುವ ಕೋಶ ಕೆರಾಟಿನ್ 1 ಮತ್ತು 10 ಎಂಬ ಪ್ರೋಟೀನುಗಳನ್ನು ತಯಾರಿಸಬೇಕು. ಇಲ್ಲಿ ಅವು ಕಮ್ಮಿ. ಬದಲಿಗೆ 6, 16, 17 ಜಾಸ್ತಿ. ಇವು ಗಾಯ ಮಾಯುವಾಗ ಏಳುವ ಕೆರಾಟಿನ್‌ಗಳು. ಅಂದರೆ ಗಾಯವೇ ಇಲ್ಲದ ಕಡೆ ಚರ್ಮ ಗಾಯ ಮುಚ್ಚಲು ಹೊರಟಿರುತ್ತದೆ! ಹೊರಪದರವನ್ನು ಗಟ್ಟಿ ಮಾಡುವ ಫಿಲಾಗ್ರಿನ್, ಲೋರಿಕ್ರಿನ್ ಕೂಡ ಕಮ್ಮಿ. ಇನ್ನು ನಿಜವಾಗಿಯೇ ಗಾಯವಾದರೆ? ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಗೀರಿದ ಜಾಗದಲ್ಲೇ ಒಂದೆರಡು ವಾರಕ್ಕೆ ಹೊಸ ಮಚ್ಚೆ ಏಳಬಹುದು. ಇಂಥದ್ದನ್ನು ಜರ್ಮನಿಯ ಚರ್ಮವೈದ್ಯ ಕೋಬ್ನರ್ 19ನೇ ಶತಮಾನದಲ್ಲೇ ಗುರುತಿಸಿದ್ದರು.

ಹಾಗಾದರೆ ತಪ್ಪು ಚರ್ಮದ್ದೇ ಅಲ್ವಾ? ಹಾಗೆಂದುಕೊಂಡಿರುವಾಗಲೇ, 1979ರಲ್ಲಿ, ಸೈಕ್ಲೋಸ್ಪೋರಿನ್ ತೆಗೆದುಕೊಂಡವರ ಮಚ್ಚೆ ಇಳಿಯಿತು. ಅದು ರಕ್ಷಣಾ ವ್ಯವಸ್ಥೆಯ ಟಿ ಕೋಶಗಳನ್ನು ಅಡಗಿಸುವ ಮದ್ದು. ವಾದ ಪೂರ್ತಿ ಆ ಕಡೆ ವಾಲಿತು. ಈಗ ಗೊತ್ತಿರುವುದು ಇಷ್ಟು: ಟಿ ಕೋಶಗಳು ಇಂಟರ್‌ಲ್ಯೂಕಿನ್ 17, 22 ಎಂಬ ಸಂದೇಶದ ಪ್ರೋಟೀನುಗಳನ್ನು ಕಳಿಸುತ್ತವೆ. 22 ಚರ್ಮದ ಕೋಶವನ್ನು ಬಲಿಯಲು ಬಿಡುವುದಿಲ್ಲ. 17 ಬಂದಾಗ ಚರ್ಮದ ಕೋಶವೇ ತಿರುಗಿ ಕೂಗು ಹಾಕಿ ಇನ್ನಷ್ಟು ರಕ್ಷಣಾ ಕೋಶಗಳನ್ನು ಕರೆಯುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕೆಣಕುತ್ತಾರೆ.

ಹೊಸ ಮದ್ದುಗಳು ಈ ಮಾತುಕತೆಯನ್ನೇ ತಡೆಯುತ್ತವೆ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೋಲಿಜುಮ್ಯಾಬ್ ತಂದಿತು. ಇಂಟರ್‌ಲ್ಯೂಕಿನ್ 17ನ್ನು ತಡೆಯುವ ಸೆಕುಕಿನುಮ್ಯಾಬ್‌ಗೆ 2015ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬೆಲೆ ಕೇಳಿದರೆ ತೋಟದವರೂ ಹಿಂದೆ ಮುಂದೆ ನೋಡುತ್ತಾರೆ. ಹಾಗಾಗಿ ಹಳ್ಳಿಗೆ ಮೊದಲು ಬಂದು ಮುಟ್ಟುವುದು ಸ್ಟೀರಾಯ್ಡ್ ಟ್ಯೂಬು. ಇಂಥ ಹಲವು ಮುಲಾಮುಗಳಿಗೆ ವೈದ್ಯರ ಚೀಟಿ ಬೇಕೆಂದು 2018ರಲ್ಲೇ ನಿಯಮ ಬಂದಿದೆ. ಚೀಟಿ ಕೇಳುವವರು ಯಾರು? ಹಚ್ಚಿದಾಗ ಇಳಿಯುತ್ತದೆ, ಬಿಟ್ಟಾಗ ಇನ್ನೂ ಜೋರಾಗಿ ಬರಬಹುದು. ಬಿಸಿಲಿನ ನೇರಳಾತೀತ ಕಿರಣ ಈ ಕೋಶಗಳ ಓಟ ತಗ್ಗಿಸುತ್ತದೆ ನಿಜ, ಆದರೆ ಆಗುಂಬೆ ಸೀಮೆಯ ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ಬರಬೇಕು?

ಇನ್ನೊಂದು, ಇಲ್ಲಿ ತೀರಾ ಕಮ್ಮಿ ಜನ ಕೇಳುವ ಮಾತು. ಈ ಉರಿಯೂತ ಕೆಲವರಲ್ಲಿ ಕೀಲುಗಳಿಗೂ ಇಳಿಯುತ್ತದೆ. ಬೆಳಿಗ್ಗೆ ಬೆರಳ ಗಂಟು ಬಿಗಿದರೆ ಮಳೆಗಾಲದ ಥಂಡಿ ಎಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಮೊಣಕೈ ಮಚ್ಚೆ ತೋರಿಸಲು ಹೋದವರು ಬೆರಳನ್ನೂ ತೋರಿಸಬೇಕು.