ಡಯಾಗ್ನಾಸ್ಟಿಕ್ ಓವರ್‌ಶ್ಯಾಡೋಯಿಂಗ್: ನ್ಯೂನತೆಯ ನೆರಳಲ್ಲಿ ಕಾಣದ ಕಾಯಿಲೆ

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಜೋರಾಗಿದ್ದ ದಿನಗಳು. ಮಾರದೆ ಉಳಿದಿದ್ದ ರೋಬಸ್ಟಾ ಕಾಫಿ ಚೆರಿ ಮೂಟೆಗಳು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದವು. ನನ್ನ ತಮ್ಮ ಹೊತ್ತುಗೊತ್ತಿಲ್ಲದೆ ಅಲ್ಲಿಗೆ ಹೋಗಿ, ಮೂಟೆಯ ಮೇಲೆ ಹೊಟ್ಟೆ ಒತ್ತಿಕೊಂಡು ಬೋರಲು ಮಲಗುತ್ತಿದ್ದ. ಊಟ ಅರ್ಧಕ್ಕೇ ಬಿಡುತ್ತಿದ್ದ. ರಾತ್ರಿಯೆಲ್ಲ ಎಡಗೈ ಕಚ್ಚಿಕೊಳ್ಳುತ್ತಿದ್ದ. ಅವನಿಗೆ ಆಟಿಸಂ ಇದೆ, ಮಾತು ನಾಲ್ಕೈದು ಪದ ಅಷ್ಟೆ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ಅವನ ಫೈಲ್ ನೋಡಿದರು, ಅವನನ್ನು ನೋಡಲಿಲ್ಲ. "ಇಂಥವರು ಹೀಗೇ ಅಲ್ವಾ ಅಮ್ಮಾ" ಅಂದು ನಿದ್ದೆ ಮಾತ್ರೆ ಜಾಸ್ತಿ ಮಾಡಿ ಕಳುಹಿಸಿದರು.

ಹದಿನೈದು ದಿನ ಬಿಟ್ಟು ಬೇರೊಬ್ಬ ಡಾಕ್ಟರ್ ಅವನ ಹೊಟ್ಟೆ ಮುಟ್ಟಿ ನೋಡಿದರು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅವನಿಗಿದ್ದದ್ದು ಮಲಬದ್ಧತೆ.

ಮೊದಲ ಡಾಕ್ಟರ್ ಮಾಡಿದ ತಪ್ಪಿಗೊಂದು ಹೆಸರಿದೆ: ಡಯಾಗ್ನಾಸ್ಟಿಕ್ ಓವರ್‌ಶ್ಯಾಡೋಯಿಂಗ್. ಬಾಯಿ ತುಂಬುವ ಹೆಸರು, ಅರ್ಥ ಮಾತ್ರ ಸರಳ. ಒಬ್ಬರಿಗೆ ಮೊದಲೇ ಇರುವ ನ್ಯೂನತೆಯ ನೆರಳು ಎಷ್ಟು ದಟ್ಟವಾಗಿ ಬೀಳುತ್ತದೆಂದರೆ, ಅದರಡಿ ಇರುವ ಬೇರೆ ಕಾಯಿಲೆ ಡಾಕ್ಟರಿಗೆ ಕಾಣುವುದೇ ಇಲ್ಲ. ಕೂಗಾಡಿದರೂ ಆಟಿಸಂ, ಸುಮ್ನೆ ಕೂತರೂ ಆಟಿಸಂ. ಕನ್ನಡದಲ್ಲಿ 'ನೆರಳುಮರೆ' ಅಂದರೆ ಹೇಗೆ ಅಂತ ನನಗನ್ನಿಸುತ್ತದೆ. ಕಾಫಿ ತೋಟದವರಿಗೆ ತಟ್ಟನೆ ಅರ್ಥವಾಗುತ್ತದೆ. ನೆರಳು ಅತಿಯಾದರೆ ಗಿಡಕ್ಕೆ ಕೊಳೆರೋಗ ಅಂತ ತಾನೇ ನಾವು ಮಳೆಗೆ ಮೊದಲು ನೆರಳಿನ ಮರಗಳ ಕೊಂಬೆ ಕಡಿಸಿ ಮರಗಸಿ ಮಾಡಿಸುವುದು?

ಆ ಇಂಗ್ಲಿಷ್ ಪದ ಹುಟ್ಟಿದ್ದು 1982ರಲ್ಲಿ, ಅಮೆರಿಕದಲ್ಲಿ. ಸ್ಟೀವನ್ ರೀಸ್ ಮತ್ತು ಅವರ ಜೊತೆಗಾರರು ವಿಪರೀತ ಭಯದಿಂದ ನರಳುವ ಒಬ್ಬ ವ್ಯಕ್ತಿಯ ವಿವರ ಬರೆದು ಮನಶ್ಶಾಸ್ತ್ರಜ್ಞರಿಗೆ ಕೊಟ್ಟರು. ಆ ವ್ಯಕ್ತಿಗೆ ಬೌದ್ಧಿಕ ನ್ಯೂನತೆ ಇದೆ ಅಂತ ಸೇರಿಸಿ ಕೊಟ್ಟಾಗ, ಅದೇ ಭಯವನ್ನು ಕಾಯಿಲೆ ಎಂದು ಗುರುತಿಸಿದ್ದು ಕಡಿಮೆಯಾಯಿತು. ಮೊದಲಿಗೆ ಮನಸ್ಸಿನ ತೊಂದರೆಗಳಿಗಷ್ಟೇ ಬಳಸುತ್ತಿದ್ದ ಪದ ಆಮೇಲೆ ಹಲ್ಲುನೋವು, ಕಿವಿನೋವು, ಹೊಟ್ಟೆನೋವಿಗೂ ಬಂತು.

ಇಲ್ಲೊಂದು ಗೊಂದಲ ಬಿಡಿಸಿಬಿಡುತ್ತೇನೆ. ಬ್ರಿಟನ್ನಿನವರು 'ಲರ್ನಿಂಗ್ ಡಿಸೆಬಿಲಿಟಿ' ಅಂದರೆ ಅದು ನಮ್ಮ ಕಾನೂನು ಹೇಳುವ ಬೌದ್ಧಿಕ ನ್ಯೂನತೆ. ನಮ್ಮಲ್ಲಿ ಅದೇ ಮಾತಿಗೆ ಡಿಸ್ಲೆಕ್ಸಿಯಾದಂಥ ಓದು ಬರಹದ ತೊಡಕು ಅಂತ ಅರ್ಥ. ಅಲ್ಲಿಯವರು ಬರೆದದ್ದನ್ನು ಓದುವಾಗ ಇದು ನೆನಪಿರಲಿ.

ಮಲಬದ್ಧತೆ ತಾನೇ ಅಂತ ಹಗುರ ಮಾಡಬೇಡಿ. ಬೌದ್ಧಿಕ ನ್ಯೂನತೆ ಇರುವವರಲ್ಲಿ ಇದು ಜಾಸ್ತಿ. ಓಡಾಟ ಕಡಿಮೆ, ತಿನ್ನುವುದು ಎರಡೋ ಮೂರೋ ಬಗೆ, ಅದರ ಮೇಲೆ ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳೇ ಹೊಟ್ಟೆ ಕಟ್ಟಿಸುತ್ತವೆ. ನೋವಿಗೆ ಕೂಗಾಡಿದರೆ ಅದೇ ಮಾತ್ರೆ ಇನ್ನಷ್ಟು! ಇಂಗ್ಲೆಂಡಿನಲ್ಲಿ 2012ರಲ್ಲಿ ಡೌನ್ ಸಿಂಡ್ರೋಮ್ ಇದ್ದ 33 ವರ್ಷದ ಒಬ್ಬರು ಮಲಬದ್ಧತೆ ವಿಕೋಪಕ್ಕೆ ಹೋಗಿಯೇ ತೀರಿಕೊಂಡರು. ಈಗ ಅಲ್ಲಿ ಬೌದ್ಧಿಕ ನ್ಯೂನತೆ ಇರುವವರಿಗೆ 14 ವರ್ಷದಿಂದಲೇ ವರ್ಷಕ್ಕೊಮ್ಮೆ ಪೂರ್ತಿ ಆರೋಗ್ಯ ತಪಾಸಣೆ ಇದೆ. ಹೇಳಿಕೊಳ್ಳಲು ಆಗದವರು ತಾವಾಗಿ ಬರುವವರೆಗೆ ಕಾಯಬಾರದು ಅನ್ನುವ ಲೆಕ್ಕ.

ನಮ್ಮಲ್ಲೂ ಕಾನೂನಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದೆ, ಆಟಿಸಂ ಅದರಲ್ಲಿದೆ. ಚಿಕಿತ್ಸೆಯಲ್ಲಿ ಇವರಿಗೆ ಆದ್ಯತೆ ಸಿಗಬೇಕು ಅನ್ನುತ್ತದೆ ಅದರ 25ನೇ ಸೆಕ್ಷನ್. ಅಂದರೆ ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಒಪಿಡಿ ಸಾಲಿನಲ್ಲಿ ಮೊದಲು ಬಿಡಿ ಅಂತ ಕೇಳಿದರೆ ಅದು ಬೇಡುವುದಲ್ಲ, ಹಕ್ಕು. ಟ್ಯೂಬ್‌ಲೈಟ್, ಗದ್ದಲ, ಒದ್ದೆ ಕೊಡೆಗಳ ವಾಸನೆ, ಇದರ ನಡುವೆ ಎರಡು ಗಂಟೆ ಕೂತ ನನ್ನ ತಮ್ಮ ಒಳಗೆ ಹೋಗುವಷ್ಟರಲ್ಲಿ ಬೇರೆಯೇ ಮನುಷ್ಯನಾಗಿರುತ್ತಾನೆ. ಡಾಕ್ಟರಿಗೆ ಕಾಣುವುದು ಆ ಮನುಷ್ಯ.

ಹಾಗಂತ ಎಲ್ಲ ತಪ್ಪನ್ನೂ ಡಾಕ್ಟರ ತಲೆಗೆ ಕಟ್ಟುವುದೂ ಸರಿಯಲ್ಲ. ಅವನು ಮಾಮೂಲಾಗಿ ಹೇಗಿರುತ್ತಾನೆ ಅಂತ ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತು. "ಇದು ಹೊಸದು, ಮೊದಲು ಹೀಗೆ ಮಾಡುತ್ತಿರಲಿಲ್ಲ, ಹತ್ತು ದಿನದಿಂದ ಶುರುವಾಗಿದೆ": ನೆರಳುಮರೆ ಸರಿಸಲು ಇದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ. ಬ್ರಿಟನ್ನಿನಲ್ಲಿ ಇದನ್ನೆಲ್ಲ ಬರೆದಿಟ್ಟುಕೊಳ್ಳುವ ಕಾಗದಕ್ಕೆ 'ಹಾಸ್ಪಿಟಲ್ ಪಾಸ್‌ಪೋರ್ಟ್' ಅನ್ನುತ್ತಾರೆ. ನಮ್ಮಮ್ಮ ನೋಟ್‌ಬುಕ್ಕಿನ ಹಾಳೆಯಲ್ಲೇ ಒಂದು ಬರೆದು, ಅವನ ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟಿದ್ದಾರೆ. ಅದರಲ್ಲಿ ಹೀಗಿದೆ: ನೋವಾದರೆ ಅಳುವುದಿಲ್ಲ, ಎಡಗೈ ಕಚ್ಚುತ್ತಾನೆ. ಸ್ಟೆತಸ್ಕೋಪ್ ಇಡುವ ಮೊದಲು ಅವನ ಕೈಗೆ ಒಮ್ಮೆ ಕೊಡಿ. ಮಾತ್ರೆ ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಕೊಡಬೇಕು, ಆದರೆ ಪುಡಿ ಮಾಡಬಹುದಾ ಅಂತ ಮೊದಲು ಕೇಳುತ್ತೇವೆ. ಕೊನೆಯ ಸಾಲು ಮಾತ್ರ ಕೆಂಪು ಪೆನ್ನಿನಲ್ಲಿದೆ: ಬೋರಲು ಮಲಗುತ್ತಿದ್ದಾನೆ ಅಂತ ನಾವು ಹೇಳಿದರೆ ದಯವಿಟ್ಟು ಹೊಟ್ಟೆ ಮುಟ್ಟಿ ನೋಡಿ.